ಎದೆ ಪರೀಕ್ಷೆಗೆ ಬಂದವರ ಬಾಯಿಯನ್ನೂ ಒಮ್ಮೆ ನೋಡಿ: ಹಾಸನ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ, ನಮಸ್ಕಾರಗಳು.

ಹಾಸನದಲ್ಲಿ 26 ವರ್ಷದಿಂದ ಔಷಧಿ ಅಂಗಡಿ ಇಟ್ಟುಕೊಂಡಿರುವವನು ನಾನು. ಡಿ.ಫಾರ್ಮ ಓದಿದ್ದೇನೆ, ವೈದ್ಯನಲ್ಲ. ಆದರೆ ವೈದ್ಯರಿಗೆ ಕಾಣದ ಒಂದು ವಿಷಯ ನಮ್ಮ ಕೌಂಟರಿನಲ್ಲಿ ಕಾಣುತ್ತದೆ. ಹಲ್ಲಿನ ಡಾಕ್ಟರು ಹಲ್ಲಿನ ಚೀಟಿ ಬರೆಯುತ್ತಾರೆ, ಹೃದಯದ ಡಾಕ್ಟರು ಹೃದಯದ ಚೀಟಿ ಬರೆಯುತ್ತಾರೆ. ಆ ಎರಡೂ ಚೀಟಿ ಒಂದೇ ಜೇಬಿನಿಂದ ಹೊರಬರುವುದನ್ನು ನೋಡುವವರು ನಾವು.

ಕೋರಿಕೆ ಚಿಕ್ಕದು, ಮೊದಲೇ ಹೇಳಿಬಿಡುತ್ತೇನೆ. ಜಿಲ್ಲೆಯಲ್ಲಿ ಬಿಪಿ, ಶುಗರ್, ಹೃದಯದ ತಪಾಸಣೆ ನಡೆಯುವ ಕಡೆಯಲ್ಲೆಲ್ಲ ಬಾಯಿ ತೆರೆಸಿ ವಸಡು ನೋಡುವ ವ್ಯವಸ್ಥೆ ಮಾಡಿ. ಯಾಕೆ ಎನ್ನುವುದನ್ನು ಹೇಳಲು ಈ ಉದ್ದದ ಪತ್ರ.

2025ರ ಜೂನ್ ಕೊನೆ, ಜುಲೈ ಮೊದಲ ವಾರ ನಿಮಗೆ ಮರೆತಿರಲಾರದು. ಬೆಳಗಾದರೆ ಟಿವಿಯಲ್ಲಿ ನಮ್ಮ ಜಿಲ್ಲೆಯ ಹೆಸರು, ಅದರ ಪಕ್ಕದಲ್ಲಿ ಸತ್ತವರ ಎಣಿಕೆ. ಒಂದೂವರೆ ತಿಂಗಳೊಳಗೆ ಹೃದಯಾಘಾತದಿಂದ 20ಕ್ಕೂ ಹೆಚ್ಚು ಸಾವು, ಅದರಲ್ಲಿ ಚಿಕ್ಕ ವಯಸ್ಸಿನವರೂ ಇದ್ದರು. ಎದೆಯಲ್ಲಿ ಒಂದು ಚುಳುಕು ಬಂದರೆ ಸಾಕು, ಮನೆಮಂದಿಯೆಲ್ಲ ಗಾಡಿ ಮಾಡಿಕೊಂಡು ಮೈಸೂರಿನ ಜಯದೇವಕ್ಕೆ ಹೊರಡುತ್ತಿದ್ದರು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಾವುಗಳು ಅಸಹಜವಾಗಿ ಏರಿಲ್ಲ, ಬಿಪಿ, ಶುಗರ್, ತಂಬಾಕು, ಮದ್ಯದಂಥ ಹಳೆಯ ಕಾರಣಗಳೇ ಇವುಗಳ ಹಿಂದೆಯೂ ಇವೆ ಎಂದು ಸಮಿತಿ ಹೇಳಿತು. ಸತ್ತವರಲ್ಲಿ ವಾಹನ ಓಡಿಸಿ ಹೊಟ್ಟೆ ಹೊರೆಯುತ್ತಿದ್ದವರೂ ಇದ್ದರು. ಜನ ಸ್ವಲ್ಪ ಉಸಿರು ಬಿಟ್ಟರು. ಈಗ ಆ ಮಾತೇ ಇಲ್ಲ.

ಆ ಜುಲೈನ ಒಂದು ಸಂಜೆ ಟ್ಯಾಕ್ಸಿ ಓಡಿಸುವ ಹುಡುಗನೊಬ್ಬ ಅಂಗಡಿಗೆ ಬಂದ. ಹುಡುಗ ಎಂದರೆ 34, 35 ಇರಬಹುದು. ಶಿರಾಡಿ ಘಾಟಿಯಲ್ಲಿ ಹಗಲು ರಾತ್ರಿ ಮಂಗಳೂರಿಗೆ ಹೋಗಿ ಬರುವವನು. "ಅಣ್ಣ, ಹಾರ್ಟ್ ಅಟ್ಯಾಕ್ ಬರದ ಹಾಗೆ ಒಂದು ಮಾತ್ರೆ ಇದೆಯಂತಲ್ಲ, ರಕ್ತ ತೆಳು ಮಾಡೋದು. ಅದೊಂದು ಶೀಟು ಕೊಡಿ" ಎಂದ. ಅದನ್ನು ಡಾಕ್ಟರು ಹೇಳದೆ ಹಾಗೆಲ್ಲ ನುಂಗುವುದಲ್ಲ ಎಂದೆ. "ಹಂಗಾದ್ರೆ ಹಲ್ಲು ನೋವಿಗಾದ್ರೂ ಕೊಡಿ, ರಾತ್ರಿಯೆಲ್ಲ ನಿದ್ದೆ ಇಲ್ಲ" ಎಂದ. ಆಗ ನೋಡಿದರೆ ಎಡಗೆನ್ನೆ ಊದಿತ್ತು.

ಮೊಬೈಲಿನ ಟಾರ್ಚು ಹಾಕಿ ಬಾಯಿ ತೆಗೆಸಿದೆ. ಕೆಳಗಿನ ಮುಂದಿನ ಹಲ್ಲುಗಳ ಹಿಂದೆ ಕಂದು ಬಣ್ಣದ ಕಿಟ್ಟ, ಬಾವಿಯ ಗೋಡೆಗೆ ಕಟ್ಟಿದ ಸುಣ್ಣದ ಹಾಗೆ ಪದರ ಪದರವಾಗಿ ಗಟ್ಟಿಯಾಗಿತ್ತು. ವಸಡು ಕಪ್ಪುಗೆಂಪಾಗಿ ಹಲ್ಲಿನಿಂದ ಬಿಟ್ಟುಕೊಂಡಿತ್ತು. ಹಿಂದಿನ ದವಡೆ ಹಲ್ಲಿನ ಬುಡದಲ್ಲಿ ಕೀವು. ಕೆನ್ನೆಯ ಒಳಗೆ ಗುಟ್ಕಾ ಇಟ್ಟುಕೊಳ್ಳುವ ಜಾಗ ಬಿಳಿಚಿತ್ತು. (ರಾಜ್ಯದಲ್ಲಿ 2013ರಿಂದ ಗುಟ್ಕಾ ನಿಷೇಧ ಇದೆ. ಪಾನ್ ಮಸಾಲೆಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಒಂದು ಕೊಂಡು ಅಂಗೈಯಲ್ಲಿ ಬೆರೆಸಿಕೊಂಡರೆ ಮತ್ತೆ ಅದೇ ಆಗುತ್ತದೆ.) ಹಲ್ಲುಜ್ಜುವಾಗ ರಕ್ತ ಬರುತ್ತದೆಯೇ ಎಂದು ಕೇಳಿದೆ. "ಬರುತ್ತೆ, ಎರಡು ವರ್ಷದಿಂದ. ಎಲ್ಲರಿಗೂ ಬರುತ್ತಲ್ಲಣ್ಣ?" ಎಂದ.

ಅವತ್ತು ಬೆಳಿಗ್ಗೆ ಅವನು ಮೂರು ಗಂಟೆ ಸಾಲಿನಲ್ಲಿ ನಿಂತು ಇಸಿಜಿ ಮಾಡಿಸಿಕೊಂಡು ಬಂದಿದ್ದ. ಇಸಿಜಿ ಸರಿಯಾಗಿತ್ತು, ಬಿಪಿ ಮಾತ್ರ 150/100. ಬಾಯಿಯನ್ನು ಯಾರಾದರೂ ನೋಡಿದರೇ ಎಂದೆ. "ನಾನು ಹೋಗಿದ್ದು ಎದೆ ತೋರಿಸೋಕೆ. ಬಾಯಿ ಯಾಕೆ ನೋಡ್ತಾರೆ?" ಎಂದ. ಅವನ ತಪ್ಪಿಲ್ಲ. ಹಲ್ಲು ಬೇರೆ, ಎದೆ ಬೇರೆ ಎಂದೇ ನಾವೆಲ್ಲ ಬೆಳೆದವರು. ನಮ್ಮ ಗಾದೆಯಲ್ಲೂ ಹಲ್ಲು ಬರುವುದು ಕಡಲೆ ಅಗಿಯುವುದಕ್ಕೆ ಮಾತ್ರ. ಎತ್ತಿನ ಹೆಗಲಿಗೆ ಹುಣ್ಣಾದರೆ ಆರುವ ತನಕ ನೊಗ ಹೂಡದ ಜನ ನಾವು, ಬಾಯೊಳಗೆ ಎರಡು ವರ್ಷದಿಂದ ರಕ್ತ ಸೋರುವ ಹುಣ್ಣನ್ನು ಇಟ್ಟುಕೊಂಡು ಎಲ್ಲರಿಗೂ ಬರುತ್ತೆ ಎನ್ನುತ್ತೇವೆ.

ಆ ಹುಣ್ಣು ಎಷ್ಟು ದೊಡ್ಡದು? ವಸಡಿನ ರೋಗ ಬಲಿತಾಗ ಹಲ್ಲಿಗೂ ವಸಡಿಗೂ ನಡುವೆ ಜೇಬಿನಂಥ ಸಂದು ಬೀಳುತ್ತದೆ. ಅದರ ಒಳಗೋಡೆಯೆಲ್ಲ ಹುಣ್ಣು. ಅಷ್ಟನ್ನೂ ಬಿಡಿಸಿ ಹಾಸಿದರೆ ಅಂಗೈಯಷ್ಟಾಗುತ್ತದೆ ಎಂದು ಹಿಂದೆ ಹೇಳುತ್ತಿದ್ದರು. ಆಮೇಲೆ ಸರಿಯಾಗಿ ಲೆಕ್ಕ ಹಾಕಿದವರು ಅದು 8ರಿಂದ 20 ಚದರ ಸೆಂಟಿಮೀಟರ್ ಇರಬಹುದು ಎಂದರು. ಹೆಚ್ಚೆಂದರೆ ಒಂದು ಬೆಂಕಿಪೊಟ್ಟಣದ ಮೇಲ್ಮೈಯಷ್ಟು. ಕಡಿಮೆಯಾಯಿತು ಎನಿಸಬಹುದು. ಬೆಂಕಿಪೊಟ್ಟಣದಷ್ಟು ಕೀವುಗಟ್ಟಿದ ಹುಣ್ಣು ಕಾಲಿನಲ್ಲಿದ್ದರೆ ನಿಮ್ಮ ಆಸ್ಪತ್ರೆಯಲ್ಲಿ ದಿನಾ ಡ್ರೆಸಿಂಗ್ ಮಾಡುತ್ತಾರೆ.

ಈ ಹುಣ್ಣಿನಿಂದ ಬಾಯಿಯ ರೋಗಾಣು ರಕ್ತಕ್ಕೆ ಇಳಿಯುತ್ತದೆ. ಇದು ಊಹೆಯಲ್ಲ. 2008ರಲ್ಲಿ ಅಮೆರಿಕದಲ್ಲಿ ಜನರ ರಕ್ತ ತೆಗೆದು ನೋಡಿದಾಗ ಬರೀ ಹಲ್ಲುಜ್ಜಿದವರಲ್ಲಿ ಶೇ 23 ಮಂದಿಯ ರಕ್ತದಲ್ಲಿ, ಒಂದು ಹಲ್ಲು ಕೀಳಿಸಿಕೊಂಡವರಲ್ಲಿ ಶೇ 60 ಮಂದಿಯ ರಕ್ತದಲ್ಲಿ ರೋಗಾಣು ಸಿಕ್ಕಿತು. ಆರೋಗ್ಯವಂತರಲ್ಲಿ ಅದು ಸ್ವಲ್ಪ ಹೊತ್ತಿನಲ್ಲೇ ಅಳಿದುಹೋಗುತ್ತದೆ. ಆದರೆ ಹೃದಯದ ಕವಾಟ ಮೊದಲೇ ಕೆಟ್ಟಿದ್ದರೆ, ಅಥವಾ ಬದಲಿ ಕವಾಟ ಹಾಕಿದ್ದರೆ, ಆ ರೋಗಾಣು ಅಲ್ಲಿ ಕೂತು ಬೆಳೆಯಬಹುದು. ಅದಕ್ಕೆ ವೈದ್ಯರು ಎಂಡೋಕಾರ್ಡೈಟಿಸ್ ಎನ್ನುತ್ತಾರೆ. ಹಲ್ಲಿಗೂ ಹೃದಯಕ್ಕೂ ಇರುವ ನಂಟುಗಳಲ್ಲಿ ಇದರ ಬಗ್ಗೆ ಅನುಮಾನವೇ ಇಲ್ಲ. ನನ್ನ ಮನೆಗೇ ಬಂದ ಕಾಯಿಲೆ ಇದು.

ನನ್ನ ಅಕ್ಕನನ್ನು ಅರಕಲಗೂಡು ಕಡೆಯ ಹಳ್ಳಿಗೆ ಕೊಟ್ಟಿದ್ದೇವೆ. ಚಿಕ್ಕಂದಿನಲ್ಲಿ ಗಂಟಲು ನೋವು, ಕೀಲು ನೋವಿನಿಂದ ಶುರುವಾದ ರುಮ್ಯಾಟಿಕ್ ಜ್ವರ ಅವಳ ಕವಾಟ ಕೆಡಿಸಿತ್ತು. 38ನೇ ವಯಸ್ಸಿನಲ್ಲಿ ಕವಾಟ ಬದಲಾಯಿಸಿದರು. ಆಪರೇಷನ್ನಿಗೆ ಮೊದಲು ಹಲ್ಲು ಪರೀಕ್ಷೆ ಮಾಡಿಸಿ ಎಂದು ಕಳಿಸಿದ್ದರು, ಮಾಡಿಸಿದೆವು. ಆಮೇಲೆ 11 ವರ್ಷ ಅವಳ ಬಾಯಿಯನ್ನು ಯಾರೂ ನೋಡಲಿಲ್ಲ. ನಾನೂ ನೋಡಲಿಲ್ಲ. ಪ್ರತಿ ತಿಂಗಳು ರಕ್ತ ತೆಳುವಾಗಿಸುವ ಮಾತ್ರೆ ನನ್ನ ಅಂಗಡಿಯಿಂದಲೇ ಹೋಗುತ್ತಿತ್ತು. ಊಟಕ್ಕೆ ಕೂತಾಗ ಬಲಗಡೆ ಅಗಿಯಲಾಗುವುದಿಲ್ಲ ಎನ್ನುತ್ತಿದ್ದಳು. ವಯಸ್ಸಾಯಿತು, ಹಾಗೆ ಎಂದುಕೊಂಡೆವು.

ನೋವು ತಡೆಯದೆ ಒಂದು ದಂತ ಚಿಕಿತ್ಸಾಲಯಕ್ಕೆ ಹೋದಳು. ಎದೆ ಆಪರೇಷನ್ ಆಗಿದೆ ಎಂದು ಅವಳೇ ಹೇಳಿದ್ದಾಳೆ. ಅವರು ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನೂ ಮಾಡಿಸಿದ್ದಾರೆ. ರಕ್ತ ಹೊರಗೆ ಸೋರುವುದರ ಬಗ್ಗೆ ಯೋಚಿಸಿದರು, ರೋಗಾಣು ಒಳಗೆ ಹೋಗುವುದರ ಬಗ್ಗೆ ಯೋಚಿಸಲಿಲ್ಲ. ಎರಡು ದವಡೆ ಹಲ್ಲು ಕಿತ್ತು, ಕಿತ್ತಾದ ಮೇಲೆ ಐದು ದಿನದ ಆ್ಯಂಟಿಬಯೋಟಿಕ್ ಬರೆದರು. ಬೇಕಿದ್ದದ್ದು ಕೀಳುವ ಅರ್ಧ ಗಂಟೆ, ಒಂದು ಗಂಟೆ ಮೊದಲು ಕೊಡುವ ಒಂದೇ ಡೋಸು. ಬದಲಿ ಕವಾಟ ಇರುವವರಿಗೆ ಅಮಾಕ್ಸಿಸಿಲಿನ್ 2 ಗ್ರಾಂ. ಅಮೆರಿಕದ ಹೃದಯ ಸಂಘ ಹಲ್ಲು ಕೀಳುವ ಮುನ್ನ ಇಂಥ ರಕ್ಷಣೆ ಕೊಡಿ ಎಂದು ಮೊದಲು ಹೇಳಿದ್ದು 1955ರಲ್ಲಿ. ಯಾರಿಗೆ ಬೇಕು ಎನ್ನುವ ಪಟ್ಟಿಯನ್ನು 2007ರಲ್ಲಿ ಬಹಳ ಕಿರಿದು ಮಾಡಿದರು. ಆ ಕಿರಿದಾದ ಪಟ್ಟಿಯಲ್ಲೂ ನನ್ನ ಅಕ್ಕನಂಥವರು ಮೊದಲ ಸಾಲಿನಲ್ಲಿದ್ದಾರೆ.

ಹದಿನೈದು ದಿನವಾದ ಮೇಲೆ ಸಂಜೆಯಾದರೆ ಜ್ವರ, ಚಳಿ. ಬೆಳಿಗ್ಗೆ ಎದ್ದರೆ ಏನೂ ಇಲ್ಲ. ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದವನು ನಾನೇ. ಆಮೇಲೆ ಟೈಫಾಯ್ಡ್ ಎಂದು ಒಂದು ವಾರ ಔಷಧಿ. ನಾಲ್ಕನೇ ವಾರ ಒಬ್ಬ ವೈದ್ಯರು ಅವಳ ಎದೆಯ ಗೆರೆ ಕಂಡು, "ಈಚೆಗೆ ಹಲ್ಲು ಕೀಳಿಸಿದ್ದೀರಾ?" ಎಂದು ಕೇಳಿದರು. ಆ ಒಂದು ಪ್ರಶ್ನೆ ಕೇಳಲು ನಾಲ್ಕು ವಾರ ಬೇಕಾಯಿತು. ರಕ್ತದಲ್ಲಿ ರೋಗಾಣು ಹುಡುಕುವ ಕಲ್ಚರ್, ಹೃದಯದ ಸ್ಕ್ಯಾನ್ ಆದ ಎಕೋ ಆಯಿತು. ಆರು ವಾರ ರಕ್ತನಾಳಕ್ಕೆ ಇಂಜೆಕ್ಷನ್. ಕವಾಟದಿಂದ ಕಳಚಿದ ಒಂದು ಚೂರು ಮೆದುಳಿಗೆ ಹೋಗಿತ್ತು. ಜೀವ ಉಳಿಯಿತು, ಬಲಗೈ ಹೋಯಿತು. ಮೂವತ್ತು ವರ್ಷ ದಿನಕ್ಕೆರಡು ಹೊತ್ತು ಮುದ್ದೆ ತೊಳಸಿ ಕಟ್ಟಿದ ಕೈ. ಈಗ ಸೊಸೆ ತಟ್ಟೆಗೆ ಮುದ್ದೆ ಇಟ್ಟರೆ ಎಡಗೈಯಲ್ಲಿ ಚೂರು ಮುರಿದು ಸಾರಿಗೆ ಅದ್ದಿಕೊಳ್ಳುತ್ತಾಳೆ. ಎಡಗೈಯಲ್ಲಿ ಉಣ್ಣಬಾರದು ಎಂದು ನಮ್ಮನ್ನು ಹೊಡೆದು ಬೆಳೆಸಿದವಳು.

ಆ ಒಂದು ಡೋಸು ಕೊಟ್ಟಿದ್ದರೆ ಇದು ಬರುತ್ತಲೇ ಇರಲಿಲ್ಲ ಎಂದು ಯಾರೂ ಖಾತರಿ ಕೊಡಲಾರರು. ಮೇಲೆ ಹೇಳಿದ 2008ರ ಪರೀಕ್ಷೆಯಲ್ಲೇ ಔಷಧಿ ಕೊಟ್ಟವರಲ್ಲೂ ಶೇ 33 ಮಂದಿಯ ರಕ್ತದಲ್ಲಿ ರೋಗಾಣು ಸಿಕ್ಕಿತ್ತು. ದಿನಾ ಅಗಿಯುವಾಗ, ಉಜ್ಜುವಾಗ ಕೆಟ್ಟ ವಸಡಿನಿಂದ ಇಳಿಯುವ ರೋಗಾಣುವೂ ಸಾಕಾಗುತ್ತದೆ. ಅದಕ್ಕೇ ನಾನು ಆ ಚಿಕಿತ್ಸಾಲಯದ ಹೆಸರು ಹಿಡಿದು ಜಗಳಕ್ಕೆ ಹೋಗಲಿಲ್ಲ. ನನ್ನ ಸಂಕಟ ಆ 11 ವರ್ಷದ್ದು. ಕವಾಟ ಇರುವ ಹೆಂಗಸು ಮೂರು ತಿಂಗಳಿಗೊಮ್ಮೆ ಎದೆ ತೋರಿಸಲು ಹೋಗುತ್ತಿದ್ದಳು. ಬಾಯಿ ಎಂದು ಒಮ್ಮೆಯೂ, ಯಾರೂ ಕೇಳಲಿಲ್ಲ.

ಇನ್ನು ಜನ ಹೆದರಿದ ಹೃದಯಾಘಾತದ ವಿಷಯ. ಇಲ್ಲಿ ಮಾತು ತೂಗಿ ಆಡಬೇಕು. ಫಿನ್‌ಲ್ಯಾಂಡಿನ ವೈದ್ಯರು 1989ರಲ್ಲಿ ಹೃದಯಾಘಾತವಾದ 100 ಮಂದಿಯನ್ನೂ ಆಗದ 102 ಮಂದಿಯನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಆಘಾತವಾದವರ ಹಲ್ಲು, ವಸಡು ಹೆಚ್ಚು ಕೆಟ್ಟಿದ್ದವು. ಆಮೇಲೆ ಹಲವು ದೇಶಗಳಲ್ಲಿ ಇದೇ ನಂಟು ಮತ್ತೆ ಮತ್ತೆ ಕಂಡಿತು. ರಕ್ತನಾಳದೊಳಗೆ ಕಟ್ಟಿದ ಕೊಬ್ಬಿನ ಪದರದಲ್ಲಿ ವಸಡಿನ ರೋಗಾಣುವಿನ ಕುರುಹು ಸಿಕ್ಕಿತು. ಬಾಯಲ್ಲಿ ಸದಾ ಉರಿಯೂತ ಇದ್ದರೆ ಯಕೃತ್ತು ಸಿಆರ್‌ಪಿ ಎನ್ನುವ ಪ್ರೋಟೀನನ್ನು ಹೆಚ್ಚು ಸುರಿಸುತ್ತದೆ. ಅದು ಹೆಚ್ಚಿರುವವರಲ್ಲಿ ಹೃದಯದ ಅಪಾಯವೂ ಹೆಚ್ಚು. 2007ರಲ್ಲಿ 120 ಮಂದಿಯ ಮೇಲೆ ನಡೆದ ಪರೀಕ್ಷೆಯೊಂದರಲ್ಲಿ ವಸಡನ್ನು ಆಳವಾಗಿ ಶುದ್ಧಮಾಡಿದ ಮರುದಿನ ರಕ್ತನಾಳ ಹಿಗ್ಗುವ ಶಕ್ತಿ ಕುಗ್ಗಿತ್ತು. ಆರು ತಿಂಗಳು ಕಳೆದ ಮೇಲೆ ನೋಡಿದರೆ ಚಿಕಿತ್ಸೆ ಆದವರದ್ದು ಉಳಿದವರಿಗಿಂತ ಚೆನ್ನಾಗಿತ್ತು. ಬಾಯೊಳಗಿನ ಹುಣ್ಣು ವಾಸಿಯಾದರೆ ದೂರದ ರಕ್ತನಾಳಕ್ಕೂ ಅದು ತಿಳಿಯುತ್ತದೆ ಎನ್ನುವುದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು.

ಆದರೆ ಕೆಟ್ಟ ವಸಡೇ ಹೃದಯಾಘಾತ ತರುತ್ತದೆ ಎಂದು ಸಾಬೀತಾಗಿಲ್ಲ. ಅಮೆರಿಕದ ಹೃದಯ ಸಂಘ 2012ರಲ್ಲಿ ಎಲ್ಲ ಪುರಾವೆ ಜಾಲಾಡಿ, ನಂಟು ಇರುವುದು ನಿಜ, ಸಿಗರೇಟು, ಶುಗರ್ ಇಂಥವನ್ನು ಲೆಕ್ಕಕ್ಕೆ ಹಿಡಿದ ಮೇಲೂ ಅದು ಉಳಿಯುತ್ತದೆ, ಆದರೆ ಒಂದರಿಂದ ಇನ್ನೊಂದು ಆಗುತ್ತದೆ ಎನ್ನಲು, ವಸಡಿನ ಚಿಕಿತ್ಸೆಯಿಂದ ಹೃದಯಾಘಾತ ತಪ್ಪುತ್ತದೆ ಎನ್ನಲು ಸಾಕ್ಷಿ ಸಾಲದು ಎಂದಿತು. ಹಾಗಾಗಿ ದಯವಿಟ್ಟು "ಹಲ್ಲುಜ್ಜಿ, ಹೃದಯಾಘಾತ ತಡೆಯಿರಿ" ಎಂದು ಬ್ಯಾನರ್ ಹಾಕಿಸಬೇಡಿ. ಜನ ಒಂದು ಸಲ ನಂಬಿ ಮೋಸ ಹೋದರೆ ಮುಂದಿನ ನಿಜವನ್ನೂ ನಂಬುವುದಿಲ್ಲ.

ಹಾಗಿದ್ದರೆ ಯಾಕೆ ಇಷ್ಟು ಒತ್ತಾಯ ಎಂದು ನೀವು ಕೇಳಬಹುದು. ಯಾಕೆಂದರೆ ಕೆಟ್ಟ ವಸಡು ಹೃದಯ ಕೆಡಿಸುತ್ತದೋ ಇಲ್ಲವೋ, ಕೆಟ್ಟ ವಸಡು ಇರುವವರಲ್ಲಿ ಹೃದಯದ ಅಪಾಯ ಹೆಚ್ಚಾಗಿ ಕಾಣುತ್ತದೆ ಎನ್ನುವುದಂತೂ ನಿಜ. ಆ ಟ್ಯಾಕ್ಸಿ ಹುಡುಗನ ಇಸಿಜಿ ಏನೂ ಹೇಳಲಿಲ್ಲ. ಅವನ ಬಾಯಿ ಎಲ್ಲವನ್ನೂ ಹೇಳಿತು: ತಂಬಾಕು, ನಿದ್ದೆಗೇಡು, ಹೊತ್ತಿಲ್ಲದ ಊಟ, ವೈದ್ಯರ ಕಡೆ ತಲೆಹಾಕದ ವರ್ಷಗಳು. ಇಸಿಜಿಗೆ ಯಂತ್ರ ಬೇಕು, ಇದಕ್ಕೆ ಒಂದು ಟಾರ್ಚು ಸಾಕು. ಶುಗರ್ ಇರುವವರಲ್ಲಂತೂ ಇದು ಎರಡೂ ಕಡೆಯಿಂದ ಉರಿಯುವ ಬತ್ತಿ. ಶುಗರ್ ವಸಡು ಕೆಡಿಸುತ್ತದೆ, ಕೆಟ್ಟ ವಸಡು ಶುಗರ್ ಏರಿಸುತ್ತದೆ. ವಸಡಿಗೆ ಚಿಕಿತ್ಸೆ ಕೊಟ್ಟರೆ ಮೂರು ನಾಲ್ಕು ತಿಂಗಳಲ್ಲಿ ಸರಾಸರಿ ಶುಗರಿನ ಅಂಕಿ, ಅಂದರೆ ಎಚ್‌ಬಿಎ1ಸಿ, ಸುಮಾರು 0.4ರಷ್ಟು ಇಳಿಯುತ್ತದೆ. ಇದಕ್ಕೆ ಒಳ್ಳೆಯ ಪುರಾವೆ ಇದೆ.

ಒಂದು ಮಾತು ನಿಮ್ಮ ಸಿಬ್ಬಂದಿಗೆ ಗೊತ್ತಿರಲಿ. ಬೀಡಿ, ಸಿಗರೇಟು ಸೇದುವವರಿಗೆ ವಸಡು ಕೆಟ್ಟಿದ್ದರೂ ರಕ್ತ ಕಡಿಮೆ ಬರುತ್ತದೆ, ಹೊಗೆ ಅಲ್ಲಿನ ರಕ್ತನಾಳಗಳನ್ನು ಬಿಗಿಸಿರುತ್ತದೆ. ರಕ್ತ ಬರುತ್ತಾ ಎಂದು ಕೇಳಿ, ಇಲ್ಲ ಎಂದರೆ ಬಿಟ್ಟುಬಿಡಬಾರದು, ನೋಡಬೇಕು.

ಈಗ ನಮ್ಮ ಕೌಂಟರಿನ ಕಥೆಗೆ ಬರುತ್ತೇನೆ. ಹಲ್ಲು ನೋವೆಂದರೆ ನಮ್ಮ ಕಡೆ ಮೊದಲು ಲವಂಗ, ಆಮೇಲೆ ಮೆಡಿಕಲ್ ಶಾಪು, ಕೊನೆಗೆ ಡಾಕ್ಟರು. ಮೆಡಿಕಲ್ ಶಾಪಿನಲ್ಲಿ ಕೇಳುವುದು ನೋವಿನ ಮಾತ್ರೆ. ಡೈಕ್ಲೋಫೆನಾಕ್ ಅಥವಾ ಐಬುಪ್ರೊಫೇನ್. ಈ ಮಾತ್ರೆಗಳು ಬಿಪಿ ಏರಿಸುತ್ತವೆ, ಹೃದಯಾಘಾತದ ಅಪಾಯವನ್ನೂ ಹೆಚ್ಚಿಸುತ್ತವೆ. ಹೃದ್ರೋಗ ಇರುವವರಿಗೆ ಡೈಕ್ಲೋಫೆನಾಕ್ ಕೊಡಬಾರದು ಎಂದು ಯುರೋಪಿನ ಔಷಧ ಸಂಸ್ಥೆ 2013ರಲ್ಲೇ ಹೇಳಿದೆ. ಸೇವಿಸಿದ ಮೊದಲ ವಾರಗಳಲ್ಲೇ ಅಪಾಯ ಶುರುವಾಗಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2015ರಲ್ಲಿ ಎಚ್ಚರಿಕೆಯನ್ನು ಬಿಗಿ ಮಾಡಿತು. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಜೊತೆಗೆ ಐಬುಪ್ರೊಫೇನ್ ನುಂಗಿದರೆ ಆಸ್ಪಿರಿನ್ ಮಾಡಬೇಕಾದ ಕೆಲಸ ಕೆಡಬಹುದು. ಹೃದಯದ ರಕ್ತನಾಳ ಮುಚ್ಚದಂತೆ ಸ್ಟೆಂಟ್ ಎನ್ನುವ ಸಣ್ಣ ಕೊಳವೆ ಹಾಕಿಸಿಕೊಂಡ ಹಿರಿಯರು ಹಲ್ಲಿನ ಡಾಕ್ಟರ ಬಳಿ ಹೋಗಲು ಬೇಸರಪಟ್ಟು ತಿಂಗಳುಗಟ್ಟಲೆ ಈ ಮಾತ್ರೆ ನುಂಗಿದ್ದನ್ನು ನಾನು ಕಂಡಿದ್ದೇನೆ. ಅಂಥವರಿಗೆ ನಾನೂ ಕೊಟ್ಟಿದ್ದೇನೆ. ಚೀಟಿ ಇಲ್ಲದೆ ಕೊಡುವಂತಿಲ್ಲ ಎಂದು ಗೊತ್ತಿದ್ದೂ ಕೊಟ್ಟಿದ್ದೇನೆ. ಅದನ್ನು ಇಲ್ಲಿ ಒಪ್ಪಿಕೊಳ್ಳದೆ ನಿಮ್ಮನ್ನು ಕೇಳುವ ಹಕ್ಕು ನನಗಿಲ್ಲ.

ಇದರ ತಿರುಗುಮುರುಗೂ ಇದೆ. ಹಲ್ಲು ಕೀಳಿಸಬೇಕು ಎಂದರೆ ರಕ್ತ ತೆಳುವಾಗಿಸುವ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಿಬಿಡುತ್ತಾರೆ. ಪಕ್ಕದ ಮನೆಯವರು ಹೇಳಿದರು, ಭಾವ ಹೇಳಿದರು ಎಂದು. ಸ್ಟೆಂಟ್ ಹಾಕಿ ಕೆಲವೇ ತಿಂಗಳಾಗಿರುವವರು ಹಾಗೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೆ ಬರಬಹುದು. ಸಾಮಾನ್ಯವಾಗಿ ಒಂದೆರಡು ಹಲ್ಲು ಕೀಳಲು ಆ ಮಾತ್ರೆ ನಿಲ್ಲಿಸುವ ಅಗತ್ಯವೇ ಬರುವುದಿಲ್ಲ, ರಕ್ತವನ್ನು ಅಲ್ಲೇ ಒತ್ತಿ, ಹೊಲಿಗೆ ಹಾಕಿ ನಿಲ್ಲಿಸುತ್ತಾರೆ. ಇದನ್ನು ತೀರ್ಮಾನಿಸಬೇಕಾದವರು ಇಬ್ಬರು ಡಾಕ್ಟರು, ಭಾವ ಅಲ್ಲ. ಬಿಪಿಗೆ ಕೊಡುವ ಆ್ಯಮ್ಲೊಡಿಪಿನ್ ಕೆಲವರಲ್ಲಿ ವಸಡನ್ನು ಊದಿಸಿ ಹಲ್ಲಿನ ಮೇಲೆ ಬೆಳೆಸುತ್ತದೆ. ಅಂಥವರು ಹಲ್ಲುಜ್ಜುವುದನ್ನೇ ಬಿಟ್ಟಿದ್ದಾರೆ, ನೋಯುತ್ತದೆ ಎಂದು. ಬಿಪಿ ಬರೆದ ವೈದ್ಯರಿಗೆ ಹೇಳಿದರೆ ಬೇರೆ ಮಾತ್ರೆ ಕೊಡುತ್ತಾರೆ. ಹೇಳಬೇಕು ಎಂದೇ ಇವರಿಗೆ ಗೊತ್ತಿಲ್ಲ.

ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು ಹಲ್ಲು ನೋವೇ ಅಲ್ಲದ ಹಲ್ಲು ನೋವು. ಹೃದಯಕ್ಕೆ ರಕ್ತ ಸಾಲದಾದಾಗ ಕೆಲವರಿಗೆ ಎದೆಗಿಂತ ಹೆಚ್ಚಾಗಿ ಕೆಳದವಡೆ ನೋಯುತ್ತದೆ. ತಣ್ಣೀರು ಕುಡಿದಾಗ, ಕಚ್ಚಿದಾಗ, ಸಿಹಿ ತಿಂದಾಗ ಹೆಚ್ಚುವುದು ಹಲ್ಲಿನ ನೋವು. ಮೆಟ್ಟಿಲು ಹತ್ತಿದಾಗ, ಕಾಫಿ ತೋಟದ ಏರು ಹತ್ತಿದಾಗ ದವಡೆ ಹಿಡಿದುಕೊಂಡು, ಕೂತರೆ ಬಿಟ್ಟುಹೋದರೆ ಅದು ಹಲ್ಲಲ್ಲ. ಬೆವರು, ಉಸಿರು ಕಟ್ಟುವುದು ಜೊತೆಗಿದ್ದರೆ ಒಂದು ನಿಮಿಷವೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಪುಕ್ಕಟೆಯಾಗಿ ಇದೆ. ನಮ್ಮ ಅಂಗಡಿಯಲ್ಲಿ ನೋವಿನ ಮಾತ್ರೆ ತೆಗೆದುಕೊಂಡು ಮನೆಗೆ ಹೋಗಿ ಮಲಗಿದವರಿಗೆ ಆ ಇಂಜೆಕ್ಷನ್ ಇದ್ದು ಏನು ಪ್ರಯೋಜನ?

ಹಾಗಾಗಿ ಮಾನ್ಯರೇ, 30 ವರ್ಷ ದಾಟಿದವರಿಗೆ ಬಿಪಿ, ಶುಗರ್ ಜೊತೆ ಬಾಯಿ ಕ್ಯಾನ್ಸರಿನ ತಪಾಸಣೆಯನ್ನು ನಿಮ್ಮ ಇಲಾಖೆ ಈಗಾಗಲೇ ಮಾಡುತ್ತಿದೆ. ಅಂದರೆ ಬಾಯಿ ಹೇಗೂ ತೆರೆದಿರುತ್ತದೆ. ಅದೇ ಹೊತ್ತಿನಲ್ಲಿ ವಸಡು ಊದಿದೆಯೇ, ಹಲ್ಲು ಅಲ್ಲಾಡುತ್ತಿದೆಯೇ, ಕೀವು ಇದೆಯೇ ಎಂದು ನೋಡಿ, ಅದೇ ಕಾರ್ಡಿನಲ್ಲಿ ಒಂದು ಗೆರೆ ಬರೆಯಲಿ. ವಸಡೂ ಕೆಟ್ಟು, ಬಿಪಿ ಅಥವಾ ಶುಗರೂ ಇದ್ದವರನ್ನು ಹಲ್ಲಿನ ಡಾಕ್ಟರು, ಬಿಪಿ-ಶುಗರಿನ ಡಾಕ್ಟರು ಇಬ್ಬರ ಬಳಿಗೂ ಕಳಿಸಲಿ. ಆಶಾ ಕಾರ್ಯಕರ್ತೆಯರ ಮೇಲೆ ಇನ್ನೊಂದು ಹೊರೆ ಎಂದು ಅವರು ಬೇಸರಪಟ್ಟರೆ ಅದು ನ್ಯಾಯವೇ. ಈಗಿನ ಕೆಲಸಕ್ಕೇ ಅವರಿಗೆ ಸಿಗುವುದು ಸಾಲದು. ಈ ಕೆಲಸಕ್ಕೂ ದುಡ್ಡು ಕೊಡಿ, ಅರ್ಧ ದಿನ ತರಬೇತಿ ಕೊಡಿ, ಒಂದು ಒಳ್ಳೆಯ ಟಾರ್ಚು ಕೊಡಿ.

ಕಳಿಸಿದವರಿಗೆ ಅಲ್ಲಿ ಚಿಕಿತ್ಸೆ ಸಿಗಬೇಕು, ಅದು ಮುಖ್ಯ. ನಮ್ಮ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಗೆ ಪರಿಚಯದವರನ್ನು ಹಲ್ಲು ಕ್ಲೀನಿಂಗಿಗೆ ಕಳಿಸಿದ್ದೆ. ದಂತ ವೈದ್ಯರು ಇದ್ದರು, ಕುರ್ಚಿ ಇತ್ತು, ಹಲ್ಲಿನ ಯಂತ್ರಗಳಿಗೆ ಗಾಳಿ ಕೊಡುವ ಕಂಪ್ರೆಸರ್ ಕೆಟ್ಟು ತಿಂಗಳುಗಳಾಗಿತ್ತು. ಆ ವೈದ್ಯರು ಮಾಡಬಹುದಾಗಿದ್ದು ಹಲ್ಲು ಕೀಳುವುದು ಮತ್ತು ಚೀಟಿ ಬರೆಯುವುದು. ಅವರ ಮುಖದಲ್ಲೇ ಬೇಜಾರು ಕಾಣುತ್ತಿತ್ತು ಎಂದು ಹೋದವರು ಬಂದು ಹೇಳಿದರು. ಎಂಟೂ ತಾಲ್ಲೂಕುಗಳ ದಂತ ವಿಭಾಗದಲ್ಲಿ ಯಾವ ಯಂತ್ರ ಓಡುತ್ತಿದೆ, ಯಾವುದು ನಿಂತಿದೆ ಎಂದು ಒಂದು ಪಟ್ಟಿ ತರಿಸಿ, ರಿಪೇರಿ ಮಾಡಿಸಿ. ಹಲ್ಲು ಕಳೆದುಕೊಂಡ ಬಡವರಿಗೆ ದಂತಪಂಕ್ತಿ ಕೊಡಿಸುವ ದಂತ ಭಾಗ್ಯ ಯೋಜನೆ ತಂದದ್ದು ನಮ್ಮ ರಾಜ್ಯವೇ. ಅದು ದೊಡ್ಡ ಕೆಲಸ, ಕೈಮುಗಿಯುತ್ತೇನೆ. ಆದರೆ ಎಲ್ಲ ಹಲ್ಲು ಉದುರಿದ ಮೇಲೆ ಕಟ್ಟಿಸುವುದಕ್ಕಿಂತ 35ರಲ್ಲಿ ಕಿಟ್ಟ ತೆಗೆಸುವುದು ಅಗ್ಗ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ ಎಂದು ನಮ್ಮ ಜನ ಹೆದರುತ್ತಾರೆ. ಹಲ್ಲನ್ನು ಹಿಡಿದ ಮೂಳೆ ಕಿಟ್ಟದ ಕೆಳಗೆ ಮೊದಲೇ ಕರಗಿರುತ್ತದೆ. ಗಾರೆಯ ಹಾಗೆ ಕಿಟ್ಟ ಅದನ್ನು ಮುಚ್ಚಿರುತ್ತದೆ, ತೆಗೆದಾಗ ಗೊತ್ತಾಗುತ್ತದೆ, ಅಷ್ಟೇ. ಈ ಮಾತನ್ನು ಬಿಳಿ ಕೋಟು ಹಾಕಿದವರು ಹೇಳಿದರೆ ಜನ ಕೇಳುತ್ತಾರೆ, ನಾನು ಹೇಳಿದರೆ ವ್ಯಾಪಾರ ಎನ್ನುತ್ತಾರೆ.

ನಮ್ಮ ಊರಿನಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಹಿಮ್ಸ್ ಇದೆ, ಹಾಸನಾಂಬ ದಂತ ವೈದ್ಯಕೀಯ ಕಾಲೇಜೂ ಇದೆ. ಆಟೋದಲ್ಲಿ ಹೋದರೆ ಸ್ವಲ್ಪ ಹೊತ್ತಿನ ದಾರಿ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಒಂದು ಚೀಟಿ ಓಡಾಡುವ ಹಾಗೆ ನೀವು ಮಾಡಬಹುದು. ಕವಾಟ ಬದಲಾಯಿಸಿದವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಆಧಾರ್ ಕಾರ್ಡಿನಷ್ಟು ದಪ್ಪದ ಒಂದು ಕನ್ನಡ ಕಾರ್ಡು ಕೊಡಿಸಿ: "ನನ್ನ ಹಲ್ಲು ಮುಟ್ಟುವ ಮೊದಲು ನನ್ನ ಹೃದಯದ ವೈದ್ಯರನ್ನು ಕೇಳಿ." ಬಸ್ ಡಿಪೋ, ಟ್ಯಾಕ್ಸಿ ನಿಲ್ದಾಣ, ಆಟೋ ಸ್ಟ್ಯಾಂಡುಗಳಿಗೆ ಬಿಪಿ ಯಂತ್ರದ ಜೊತೆ ಒಬ್ಬ ದಂತ ವಿದ್ಯಾರ್ಥಿಯನ್ನೂ ಕಳಿಸಿ. ಹಾಸನಾಂಬೆಯ ಬಾಗಿಲು ತೆರೆದಾಗ ಲಕ್ಷಾಂತರ ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತಿರುತ್ತಾರೆ. ಆ ಸಾಲಿನ ಪಕ್ಕದಲ್ಲಿ ದವಡೆ ನೋವಿನ ವಿಷಯ ಬರೆದ ದೊಡ್ಡ ಬೋರ್ಡು ಇದ್ದರೆ ನಿಂತವರೆಲ್ಲ ಓದುತ್ತಾರೆ, ಬೇರೆ ಮಾಡುವ ಕೆಲಸ ಏನಿರುತ್ತದೆ?

ನಮಗೂ ಒಂದು ಸುತ್ತೋಲೆ ಕಳಿಸಿ. ಹಲ್ಲು ನೋವೆಂದು ಬಂದವರಿಗೆ ಬಿಪಿ ಇದೆಯೇ, ಹೃದಯದ ಮಾತ್ರೆ ಇದೆಯೇ, ನಡೆದರೆ ನೋವು ಹೆಚ್ಚುತ್ತದೆಯೇ ಎಂದು ಕೇಳದೆ ನೋವಿನ ಮಾತ್ರೆ ಕೊಡಬಾರದು ಎಂದು ಜಿಲ್ಲೆಯ ಎಲ್ಲ ಔಷಧಿ ಅಂಗಡಿಗಳಿಗೂ ಹೇಳಿ. ಚೀಟಿ ಇಲ್ಲದೆ ಹೋದರೆ ಕೊಡಲೇಬಾರದು ಎಂದು ಗಟ್ಟಿಯಾಗಿ ಹೇಳಿ. ನಾನು ಆ ಜುಲೈನಿಂದ ಹಾಗೆಯೇ ನಡೆದುಕೊಂಡಿದ್ದೇನೆ. ಕೆಲವು ಗಿರಾಕಿಗಳು ಎದುರಿನ ಅಂಗಡಿಗೆ ಹೋದರು. ಎಲ್ಲರಿಗೂ ಒಂದೇ ನಿಯಮವಾದರೆ ಅವರು ಹೋಗುವುದು ಹಲ್ಲಿನ ಡಾಕ್ಟರ ಬಳಿಗೆ.

ಆ ಟ್ಯಾಕ್ಸಿ ಹುಡುಗ ಮೂರು ಸಲ ಹೋಗಿ ವಸಡು ಕ್ಲೀನ್ ಮಾಡಿಸಿದ, ಒಂದು ಹಲ್ಲು ಕೀಳಿಸಿದ. ಬಿಪಿ ಮಾತ್ರೆ ಈಗ ದಿನಾ ತೆಗೆದುಕೊಳ್ಳುತ್ತಾನೆ. ಗುಟ್ಕಾ ಪೂರ್ತಿ ಬಿಟ್ಟಿಲ್ಲ. ಘಾಟಿಯಲ್ಲಿ ನಿದ್ದೆ ಬರುತ್ತಣ್ಣ ಎನ್ನುತ್ತಾನೆ.

ಅಕ್ಕನಿಗೆ ಆರು ತಿಂಗಳಿಗೊಮ್ಮೆ ಹಲ್ಲಿನ ಪರೀಕ್ಷೆ ಗೊತ್ತು ಮಾಡಿದ್ದೇವೆ. ಬರುವ ಸೋಮವಾರ ಹೋಗಬೇಕು. ಹೃದಯದ ವೈದ್ಯರು ಬರೆದುಕೊಟ್ಟ 500 ಮಿ.ಗ್ರಾಂನ ನಾಲ್ಕು ಕ್ಯಾಪ್ಸೂಲನ್ನು ಒಂದು ಕವರಿಗೆ ಹಾಕಿ, "ಒಂಬತ್ತೂವರೆಗೆ ನಾಲ್ಕೂ ಒಟ್ಟಿಗೆ" ಎಂದು ಮೇಲೆ ಬರೆದು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟಿದ್ದೇನೆ. ಹತ್ತು ಗಂಟೆಗೆ ಡಾಕ್ಟರು ಕೂರುತ್ತಾರೆ.

ಇತಿ ತಮ್ಮ ವಿಶ್ವಾಸಿ,
ಹಾಸನದ ಒಬ್ಬ ಔಷಧಿ ಅಂಗಡಿಯವ